ಅಕ್ಕನ ಗಿರಣಿಯ ಗೋಡೆ

ಇನ್ಶೂರೆನ್ಸ್ ಕಂಪನಿಗೆ ಅಕ್ಕನ ಪರವಾಗಿ ಪತ್ರ ಬರೆದವಳು ನಾನು. ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟವಳು. ನಾನು ಕನ್ನಡದಲ್ಲಿ ಎಂ.ಎ. ಮಾಡಿ ಕುಶಾಲನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಮದುವೆ ಕಾಗದದ ಒಕ್ಕಣೆಯವರೆಗೆ ನಮ್ಮ ಕಡೆಯವರಿಗೆ ಏನು ಬರೆಸಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಆ ಪತ್ರವೂ ಹಾಗೆಯೇ ನನ್ನ ಕೈಗೆ ಬಂತು.

ನಮ್ಮ ತವರು ಸೋಮವಾರಪೇಟೆಯ ಆಚೆ. ಅಕ್ಕನನ್ನು ಆನೆಕಾಡಿನಂಚಿನ ತಿತಿಮತಿಗೆ ಕೊಟ್ಟಿದ್ದರು. ಭಾವನದು ಅಲ್ಲಿ ಹಿಟ್ಟಿನ ಗಿರಣಿ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಎಲ್ಲಕ್ಕೂ ಒಂದೇ ಹೆಂಚಿನ ಮಾಡು. ಸುತ್ತಲಿನ ಎಸ್ಟೇಟುಗಳ ಕೂಲಿಯವರ ಲೈನ್ ಮನೆಗಳಿಂದ ಹೆಂಗಸರು ಭಾನುವಾರ ರಾಗಿ, ಅಕ್ಕಿ, ಒಣಮೆಣಸಿನಕಾಯಿ ತಂದು ಸಾಲಾಗಿ ಡಬ್ಬ ಇಟ್ಟು ಕೂರುತ್ತಿದ್ದರು. ಅಲ್ಲಿ ಮಲಯಾಳ, ತಮಿಳು, ಕೊಡವ ತಕ್ಕ್, ಕನ್ನಡ ಎಲ್ಲ ಸೇರಿ ಮೋಟರಿನ ಸದ್ದನ್ನು ಮೀರಿ ಮಾತು ನಡೆಯುತ್ತಿತ್ತು.

ಭಾವ ಇದ್ದಕ್ಕಿದ್ದಂತೆ ಎದೆನೋವಿನಿಂದ ಹೋದಾಗ ಅಕ್ಕ ಗಿರಣಿ ಮುಚ್ಚುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಒಬ್ಬಳೇ ಮಗಳು ಕುಟ್ಟದ ಕಡೆ ಮದುವೆಯಾಗಿ ಹೋಗಿದ್ದಳು. ತಿಥಿಯೆಲ್ಲ ಮುಗಿದ ಮೇಲೆ ಅಕ್ಕ ತಲೆಗೆ ಟವೆಲು ಸುತ್ತಿಕೊಂಡು ತಾನೇ ಮೋಟರು ಹಾಕಿದಳು. ಸವೆದ ಗಿರಣಿಕಲ್ಲನ್ನು ಬಿಚ್ಚಿ ಉಳಿಯಿಂದ ಗೆರೆ ಕೊಚ್ಚುವುದನ್ನೂ ಕಲಿತಳು. ಒಂದು ಸಲ ಹೋದಾಗ ಅವಳ ರೆಪ್ಪೆಯ ಮೇಲೆ ಕೂತ ಹಿಟ್ಟು ನೋಡಿ ನಾನು ನಕ್ಕೆ. ಅವಳೂ ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಸ ಮೋಟರಿಗೆ ಬ್ಯಾಂಕಿನಲ್ಲಿ ಸಾಲ ತೆಗೆದಾಗ ಬ್ಯಾಂಕಿನವರೇ ಕಟ್ಟಡಕ್ಕೂ ಯಂತ್ರಕ್ಕೂ ಸೇರಿಸಿ ಪಾಲಿಸಿ ಮಾಡಿಸಿದ್ದರು. ಬೆಂಕಿ, ನೆರೆ, ಸಿಡಿಲಿನ ಜೊತೆಗೆ ಪ್ರಾಣಿ ಬಂದು ಗುದ್ದಿದರೂ ಪರಿಹಾರ ಇದೆ ಎಂದು ಏಜೆಂಟ್ ಹೇಳಿದ್ದನಂತೆ. ತಿತಿಮತಿಯಲ್ಲಿ ಬದುಕುವವರಿಗೆ ಬೇಕಾದದ್ದು ಆ ಕೊನೆಯದೇ.

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳ ಒಂದು ಬೆಳಿಗ್ಗೆ, ನಾನಿನ್ನೂ ಹಾಲು ಕಾಯಿಸುತ್ತಿದ್ದಾಗ ಅಕ್ಕನ ಫೋನ್ ಬಂತು.

"ಆನೆ ಬಂದಿತ್ತು ಕಣೇ. ಗಿರಣಿ ಗೋಡೆ ಹೋಯ್ತು. ನಂಗೇನೂ ಆಗಿಲ್ಲ. ನೀ ಗಾಬರಿಯಾಗ್ಬೇಡ."

ಶಾಲೆಗೆ ರಜೆ ಹೇಳಿ ಬಸ್ಸು ಹಿಡಿದೆ. ನಾನು ಹೋಗಿ ನೋಡುವಾಗ ರಸ್ತೆಯ ಕಡೆಯ ಗೋಡೆ ಪೂರ್ತಿ ಒಳಕ್ಕೆ ಮಗುಚಿ ಬಿದ್ದಿತ್ತು. ಮಾಡಿನ ಒಂದು ಮೂಲೆ ಇಳಿದು ಮೋಟರಿನ ಮೇಲೆ ಕೂತಿತ್ತು. ಗಿರಣಿಯ ಕಾಳು ಸುರಿಯುವ ಬಾಯಿ ಬಾಗಿತ್ತು. ಹೆಂಗಸರು ಹಿಂದಿನ ದಿನ ಬಿಟ್ಟುಹೋಗಿದ್ದ ಅಕ್ಕಿಯ ಚೀಲಗಳು ಹರಿದು, ಅಕ್ಕಿ ಇಟ್ಟಿಗೆಯ ಪುಡಿಯೊಂದಿಗೆ ಕಲಸಿಹೋಗಿತ್ತು. ಅಂಗಳದ ಕೆಸರಿನಲ್ಲಿ ಊಟದ ತಟ್ಟೆಗಿಂತ ದೊಡ್ಡ ಹೆಜ್ಜೆಗಳು. ಬಾಗಿಲ ಬಳಿ ಲದ್ದಿ. ಅಕ್ಕ ಹಿಂದಿನ ಕೋಣೆಯಲ್ಲಿ ಮಲಗಿದ್ದವಳು ಸದ್ದಿಗೆ ಎದ್ದು ಅಡುಗೆಮನೆಯ ಬಾಗಿಲಿಂದ ಹಿತ್ತಿಲಿಗೆ ಓಡಿ ಸೀಬೆಮರದ ಹಿಂದೆ ನಿಂತಿದ್ದಳಂತೆ.

ಎದುರಿಗೆ ಚಹಾದ ಅಂಗಡಿ ಇಟ್ಟುಕೊಂಡಿರುವ ಮಲಯಾಳಿಯೊಬ್ಬರಿದ್ದಾರೆ. ಇಪ್ಪತ್ತು ವರ್ಷದಿಂದ ಅಕ್ಕನ ಮನೆಯವರಿಗೆ ಆಪ್ತರು, ಅಕ್ಕನನ್ನು ಚೇಚಿ ಎಂದೇ ಕರೆಯುವವರು. ಒಲೆ ಹಚ್ಚಲು ಬೇಗ ಬಂದಿದ್ದ ಅವರೇ ಅರಣ್ಯದವರಿಗೆ ಫೋನ್ ಮಾಡಿದ್ದು. ಮಧ್ಯಾಹ್ನದ ಹೊತ್ತಿಗೆ ಫಾರೆಸ್ಟ್ ಗಾರ್ಡ್ ಬಂದು ಮಹಜರು ಬರೆದುಕೊಂಡ. ಆಗಲೇ ಮಳೆ ಹಿಡಿದಿತ್ತು. ನಾನು ಅವನ ಕಾಗದ ನೆನೆಯದಂತೆ ಕೊಡೆ ಹಿಡಿದು ನಿಂತಿದ್ದೆ.

"ಅಕ್ಕ, ನಿಮ್ಗೆ ಇಲಾಖೆಯಿಂದ ಏನಾದ್ರೂ ಸ್ವಲ್ಪ ಬರ್ತದೆ. ಇನ್ಶೂರೆನ್ಸ್ ಇದ್ರೆ ಅದಕ್ಕೂ ಇದೇ ಕಾಪಿ ಸಾಕು," ಎಂದು ಅವನು ಅಕ್ಕನಿಗೆ ಹೇಳಿದ.

ಅವನು ಬರೆದದ್ದು ಎರಡು ವಾಕ್ಯ. ಮನೆಯ ಆವರಣದಲ್ಲಿ ಕಾಡಾನೆ ಸಂಚರಿಸಿರುವ ಗುರುತುಗಳು ಕಂಡುಬಂದಿರುತ್ತವೆ. ಮನೆಯ ಮುಂಭಾಗದ ಗೋಡೆ ಕುಸಿದಿರುತ್ತದೆ. ದಿನವೂ ಮಕ್ಕಳ ವಾಕ್ಯ ತಿದ್ದುವ ನಾನು ಅದನ್ನು ಓದಿ, ಸರಿಯಿದೆ ಎಂದು ತಲೆಯಾಡಿಸಿದೆ. ಎರಡು ವಾಕ್ಯಗಳ ನಡುವೆ "ಆದ್ದರಿಂದ" ಎಂಬ ಒಂದು ಮಾತು ಇಲ್ಲ ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಹೆಜ್ಜೆ ಕಣ್ಣೆದುರೇ ಇತ್ತು. ಆನೆಯ ಹೆಸರನ್ನು ಎರಡು ಸಲ ಬರೆಯಬೇಕೆಂದು ಯಾರಿಗೆ ತೋಚೀತು?

ಆ ಸಂಜೆ ಅಕ್ಕನ ಅಡುಗೆಮನೆಯಲ್ಲಿ ಕೂತು ಕಂಪನಿಗೆ ಪತ್ರ ಬರೆದೆ. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಓದುವವನಿಗೂ ಮನಸ್ಸಿದೆ, ಅಕ್ಕನ ಕಷ್ಟ ಅವನಿಗೆ ತಾಕಬೇಕು ಅನ್ನಿಸಿತು. ಭಾವ ಹೋದದ್ದು, ಅಕ್ಕ ಒಬ್ಬಳೇ ಗಿರಣಿ ನಡೆಸಿದ್ದು ಎಲ್ಲ ಬರೆದು ಕೊನೆಗೆ ಹೀಗೆ ಸೇರಿಸಿದೆ: "ಯಜಮಾನರ ಅಗಲಿಕೆಯಿಂದ ಮೊದಲೇ ಬಿರುಕು ಬಿಟ್ಟಿದ್ದ ಈ ಮನೆಗೆ ಕಾಡಾನೆಯ ದಾಳಿ ಕೊನೆಯ ಪೆಟ್ಟಾಯಿತು."

ಅಕ್ಕನಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟ್ ಚೆನ್ನಾಗ್ ಬರ್ದಿದ್ದೀಯ. ನಂಗೆ ಹಿಂಗೆ ಹೇಳಕ್ಕೆ ಬರ್ತಾನೇ ಇರ್ಲಿಲ್ಲ."

ಅವಳು ಕೆಳಗೆ ಸಹಿ ಹಾಕಿದಳು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಷ್ಟ ಅಂದಾಜು ಮಾಡಲು ಕಂಪನಿಯ ಸರ್ವೇಯರ್ ಬಂದದ್ದು ಎಂಟು ದಿನ ಕಳೆದ ಮೇಲೆ. ಅಷ್ಟರಲ್ಲಿ ಮಳೆ ಒಂದು ದಿನವೂ ಬಿಟ್ಟಿರಲಿಲ್ಲ. ಹೆಜ್ಜೆ, ಲದ್ದಿ ಎಲ್ಲ ತೊಳೆದುಹೋಗಿ ಅಂಗಳ ಯಾವತ್ತಿನ ಅಂಗಳದಂತೆ ಇತ್ತು. ಅವರು ಮೈಸೂರಿನಿಂದ ಕಾರಿನಲ್ಲಿ ಬಂದಿದ್ದ ಸಭ್ಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಉಳಿದ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಪಕ್ಕದ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಇಳಿದಿದ್ದ ಬಿರುಕಿನ ಮುಂದೆ ಸ್ಕೇಲು ಹಿಡಿದು ಫೋಟೋ ತೆಗೆದುಕೊಂಡರು.

"ಅದು ಅವತ್ತೇ ಬಿಟ್ಟಿದ್ದು ಸಾರ್," ಅಂದಳು ಅಕ್ಕ. "ಮುಂದಿನ್ ಗೋಡೆ ಬೀಳೋವಾಗ ಇದನ್ನೂ ಎಳೀತು."

"ಆಯ್ತಮ್ಮ, ಎಲ್ಲ ಬರ್ಕೋತೀನಿ," ಎಂದರು ಅವರು.

ಮನೆ ಎಷ್ಟು ಹಳೆಯದು ಎಂದು ಕೇಳಿದರು. ಅಕ್ಕ ಲೆಕ್ಕ ಹಾಕಿ, ಮಾವನ ಕಾಲದ್ದು, ಗಾರೆ ಮಾತ್ರ ಆಮೇಲೆ ಮಾಡಿಸಿದ್ದು ಎಂದಳು. ಅದನ್ನೂ ಬರೆದುಕೊಂಡರು. ಹೋಗುವಾಗ ಕೈ ಮುಗಿದರು. ಒಳ್ಳೆಯವರು ಸಿಕ್ಕಿದರು, ಬೇಗ ಆಗುತ್ತದೆ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ನಾಲ್ಕು ತಿಂಗಳು ಕಳೆದು ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಅಕ್ಕ ಅದರ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದಳು. ನಾನು ಸ್ಟಾಫ್ ರೂಮಿನಲ್ಲಿ ನಿಂತು ಓದಿದೆ. ಗೋಡೆ ಹಳೆಯದಾಗಿ ಮೊದಲೇ ಶಿಥಿಲವಾಗಿತ್ತು, ಆನೆ ಗುದ್ದಿದ್ದಕ್ಕೆ ನೇರ ಪುರಾವೆ ಇಲ್ಲ, ಮಳೆಗೆ ತಾನಾಗಿ ಕುಸಿದದ್ದು, ಸವೆತಕ್ಕೆ ಪಾಲಿಸಿಯಲ್ಲಿ ಪರಿಹಾರವಿಲ್ಲ, ಆದ್ದರಿಂದ ಕ್ಲೇಮು ತಿರಸ್ಕರಿಸಲಾಗಿದೆ ಎಂದಿತ್ತು. ಅವರ ಕಾಗದದಲ್ಲಿ "ಆದ್ದರಿಂದ" ಸರಿಯಾದ ಜಾಗದಲ್ಲಿತ್ತು.

ಫೋನಿನಲ್ಲಿ ಅಕ್ಕನಿಗೆ ಅರ್ಥ ಹೇಳಿದೆ.

"ಹಂಗಾದ್ರೆ ನಾ ಸುಳ್ಳು ಹೇಳ್ತಿದ್ದೀನಿ ಅಂತಾನಾ?"

"ಹಾಗೆ ಬರೆದಿಲ್ಲ ಅಕ್ಕ."

"ಇನ್ನೆಂಗೆ ಬರ್ದವ್ರೆ?"

ಮುಂದಿನ ವಾರ ಇಬ್ಬರೂ ಮಡಿಕೇರಿಗೆ ಹೋಗಿ ವಕೀಲರೊಬ್ಬರನ್ನು ಕಂಡೆವು. ಮೊಣಕೈ ಬಳಿ ಹೊಳಪು ಬಂದ ಕರಿಕೋಟಿನ, ವಯಸ್ಸಾದ ವಕೀಲರು. ಗ್ರಾಹಕರ ನ್ಯಾಯಾಲಯದಲ್ಲಿ ದೂರು ಹಾಕೋಣ, ಸಿವಿಲ್ ಕೋರ್ಟಿನಷ್ಟು ಎಳೆಯುವುದಿಲ್ಲ ಎಂದರು. ಆದರೆ ಮೂರು ವರ್ಷ ಎಳೆಯಿತು. ಒಮ್ಮೆ ಕಂಪನಿಯವರು ಉತ್ತರ ಸಲ್ಲಿಸಲು ಸಮಯ ಕೇಳಿದರು. ಒಮ್ಮೆ ಪೀಠದ ಸದಸ್ಯರ ಜಾಗ ಖಾಲಿಯಿತ್ತು. ಒಮ್ಮೆ ನಮ್ಮ ವಕೀಲರಿಗೇ ಜ್ವರ. ಪ್ರತಿ ವಾಯಿದೆಗೂ ನಾನು ಕುಶಾಲನಗರದಿಂದ, ಅಕ್ಕ ಗೋಣಿಕೊಪ್ಪಕ್ಕೆ ಬಂದು ಅಲ್ಲಿಂದ ವಿರಾಜಪೇಟೆಯ ಮೇಲೆ ಹಾದು, ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಸೇರುತ್ತಿದ್ದೆವು. ಬರಲೇಬೇಕೆಂದಿಲ್ಲ ಎಂದು ವಕೀಲರು ಹೇಳಿದರೂ ಅಕ್ಕ ಬರುತ್ತಿದ್ದಳು. ತಾನು ಇಲ್ಲದಿದ್ದರೆ ತನ್ನ ವಿಷಯ ಮರೆತುಬಿಡುತ್ತಾರೆ ಅನ್ನುವ ಹೆದರಿಕೆ ಅವಳಿಗೆ. ದಿನಾಂಕ ಮುಂದೆ ಹೋದದ್ದನ್ನು ಕೇಳಿಕೊಂಡು ಇಬ್ಬರೂ ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು.

ಈ ನಡುವೆ ಗಿರಣಿ ನಿಂತೇ ಇತ್ತು. ಅರಣ್ಯ ಇಲಾಖೆಗೆ ಹಾಕಿದ್ದ ಅರ್ಜಿಗೂ ಏನೂ ಬಂದಿರಲಿಲ್ಲ. ಏನನ್ನೂ ಮುಟ್ಟಬೇಡಿ, ತೀರ್ಪು ಬರುವವರೆಗೆ ಹಾಗೇ ಇರಲಿ ಎಂದು ವಕೀಲರು ಮೊದಲಲ್ಲೇ ಹೇಳಿದ್ದರು. ಅಕ್ಕ ನೀಲಿ ಟಾರ್ಪಾಲು ಕಟ್ಟಿ ಅದರ ಹಿಂದೆ ಬದುಕಿದಳು. ಗಾಳಿ ಬಂದಾಗ ಅದು ಒಳಕ್ಕೆ ಉಬ್ಬಿ ಮೋಟರಿಗೆ ಬಡಿಯುತ್ತಿತ್ತು. ಎರಡನೇ ಮಳೆಗಾಲಕ್ಕೆ ಗಿರಣಿಯ ಬೋಲ್ಟುಗಳು ತುಕ್ಕು ಹಿಡಿದು ತಿರುಗದಾದವು.

ಸಾಕ್ಷಿ ಬೇಕಿತ್ತು. ಚಹಾದ ಅಂಗಡಿಯವರು ಕೂಡಲೇ ಒಪ್ಪಿ ನಮ್ಮ ಜೊತೆ ಮಡಿಕೇರಿಗೆ ಬಂದರು. ವಕೀಲರು ಅಫಿಡವಿಟ್ಟು ತಯಾರು ಮಾಡುತ್ತ, "ಆನೆ ಗೋಡೆ ದೂಡ್ತಾ ಇದ್ದದ್ದನ್ನು ನೋಡಿದ್ರಲ್ಲ?" ಎಂದು ಕೇಳಿದರು.

"ದೂಡಿದ್ದು ಞಾನ್ ಕಂಡಿಲ್ಲ ಸಾರ್," ಎಂದರು ಅವರು. "ಸೌಂಡ್ ಕೇಳಿ ಹೊರಗೆ ಬಂದೆ. ಆಗ ಗೋಡೆ ಬಿದ್ದಾಗಿತ್ತು. ಆನೆ ಅಲ್ಲೇ ನಿಂತಿತ್ತು. ಆಮೇಲೆ ತೋಟದ ಕಡೆ ಹೋಯ್ತು."

"ದೂಡಿದ್ದು ನೋಡಿದೆ ಅಂತ ಒಂದು ಮಾತು ಸೇರಿಸಿದ್ರೆ ಕೇಸು ಗಟ್ಟಿಯಾಗ್ತದೆ."

ಅವರು ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. "ಚೇಚಿ, ಬೇಜಾರು ಮಾಡ್ಬೇಡಿ. ಪ್ರಮಾಣ ಮಾಡಿ ಕಾಣದ್ದನ್ನು ಕಂಡೆ ಅಂತ ಹೇಗೆ ಹೇಳೋದು?"

"ಬೇಡ," ಅಂದಳು ಅಕ್ಕ. "ಕಂಡಿದ್ದೇ ಹೇಳಿ. ನಾನೂ ಕಂಡಿಲ್ಲ. ನಾ ಹಿಂದ್ಗಡೆ ಮಲ್ಗಿದ್ದೆ."

ಹಾಗೆ ನಾವೆಲ್ಲ ನಿಜವನ್ನೇ ಹೇಳಿದೆವು. ಒಬ್ಬರು ಸದ್ದು ಕೇಳಿದ್ದರು, ಒಬ್ಬರು ಆನೆ ನೋಡಿದ್ದರು, ಒಬ್ಬರು ಹೆಜ್ಜೆ ನೋಡಿದ್ದರು. ಆನೆಯ ಹಣೆ ಗೋಡೆಗೆ ತಾಕಿದ ಆ ಗಳಿಗೆಯನ್ನು ಯಾರೂ ನೋಡಿರಲಿಲ್ಲ. ಮಹಜರು ಬರೆದ ಗಾರ್ಡ್‌ನನ್ನಾದರೂ ಹಿಡಿಯೋಣ ಎಂದು ಹೋದರೆ ಅವನಿಗೆ ಬೇರೆ ಕಡೆ ವರ್ಗವಾಗಿತ್ತು. ಅವನ ಜಾಗಕ್ಕೆ ಬಂದವನು ಕುರ್ಚಿ ಕೊಟ್ಟು ಕೂರಿಸಿ, "ಟೀಚರ್, ನಾನು ನೋಡದ್ದನ್ನ ನಾನು ಹೆಂಗೆ ಬರ್ದುಕೊಡ್ಲಿ?" ಎಂದ. ಅವನು ಹೇಳಿದ್ದೂ ಸರಿಯಾಗಿತ್ತು.

ಕೊನೆಗೆ ವಾದದ ದಿನ ಬಂತು. ಕಂಪನಿಯ ಪರ ಒಬ್ಬ ಯುವತಿ ವಕೀಲೆ. ದನಿ ಎತ್ತದೆ ಇಂಗ್ಲಿಷಿನಲ್ಲಿ ಮಾತಾಡುವವರು. ಸರ್ವೇಯರ್ ತೆಗೆದ ಬಿರುಕಿನ ಫೋಟೋವನ್ನು ಪೀಠಕ್ಕೆ ಕೊಟ್ಟರು. ಮಹಜರಿನ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ಓದಿ ತೋರಿಸಿದರು. ಆಮೇಲೆ ಇನ್ನೊಂದು ಹಾಳೆ ತೆಗೆದು, ಇದು ದೂರುದಾರರೇ ಘಟನೆಯ ದಿನ ಸಹಿ ಮಾಡಿದ ಪತ್ರ ಎಂದು, ಅದರ ಒಂದು ಸಾಲಿನ ಅನುವಾದವನ್ನು ಓದಿದರು. ಮೊದಲೇ ಬಿರುಕು ಬಿಟ್ಟಿದ್ದ ಈ ಮನೆ. ಇಂಗ್ಲಿಷಿನಲ್ಲಿ ಅದು ಬರೀ ಕಟ್ಟಡವಾಗಿತ್ತು. ಯಜಮಾನರ ಅಗಲಿಕೆ ಅನುವಾದದಲ್ಲಿ ಇರಲಿಲ್ಲ.

ನಮ್ಮ ವಕೀಲರು ಎದ್ದು, ಸಾಲನ್ನು ಪೂರ್ತಿ ಓದಬೇಕು, ಅದು ಸಂಸಾರದ ದುಃಖದ ಮಾತು ಎಂದು ಹೇಳಿದರು. ಯುವತಿ ಶಾಂತವಾಗಿಯೇ, ದುಃಖ ಇರಬಹುದು, ಆದರೆ ಬಿರುಕು ಫೋಟೋದಲ್ಲೂ ಇದೆ ಎಂದರು. ಆಗ ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ.

"ಸ್ವಾಮಿ, ಅದು ಬರೆದದ್ದು ನಾನು. ಮನೆ ಅಂದರೆ ಗೋಡೆಯಲ್ಲ. ಆ ಅರ್ಥದಲ್ಲಿ..."

ಪೀಠದಲ್ಲಿದ್ದವರು ಸಿಟ್ಟು ಮಾಡಲಿಲ್ಲ. "ನೀವು ದೂರುದಾರರಲ್ಲ, ಅಲ್ವಾ ಅಮ್ಮ? ಕೂತ್ಕೊಳ್ಳಿ. ನಿಮ್ಮ ವಕೀಲರು ಹೇಳ್ತಾರೆ," ಎಂದರು. ನಾನು ಕೂತೆ. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಒಂದು ಪದಕ್ಕೆ ಎಷ್ಟು ಅರ್ಥ ಎಂದು ಮಕ್ಕಳಿಗೆ ಹೇಳಿಕೊಟ್ಟವಳಿಗೆ ಅಲ್ಲಿ ಒಂದೇ ಒಂದು ಅರ್ಥವನ್ನು ಹೇಳಿ ಮುಗಿಸಲು ಆಗಲಿಲ್ಲ. ಅಕ್ಕನಿಗೆ ಇಂಗ್ಲಿಷ್ ಗೊತ್ತಿಲ್ಲ. ಅವಳು ಮೆಲ್ಲಗೆ, "ಏನಂತೆ?" ಎಂದು ಕೇಳಿದಳು.

"ಫೋಟೋ ವಿಷಯ," ಎಂದೆ.

ಹೊರಗೆ ಮೆಟ್ಟಿಲ ಬಳಿ ಆ ಯುವತಿ ನನ್ನ ಪಕ್ಕ ಬಂದು ನಿಂತರು. "ಪತ್ರ ನೀವು ಬರೆದದ್ದಾ ಮೇಡಂ? ತುಂಬ ಚೆನ್ನಾಗಿದೆ," ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಾನು ಥ್ಯಾಂಕ್ಸ್ ಎಂದೆ. ಯಾಕೆ ಹಾಗೆ ಅಂದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದೇಶ ಬರಲು ಒಂದೂವರೆ ತಿಂಗಳು ಹಿಡಿಯಿತು. ದೂರು ವಜಾ ಆಗಿತ್ತು. ಆನೆಯೇ ಗೋಡೆ ಕೆಡವಿದ್ದು ಎಂದು ಸಾಬೀತಾಗಿಲ್ಲ, ಕಟ್ಟಡದ ಸ್ಥಿತಿಯ ಬಗ್ಗೆ ದೂರುದಾರರ ಪತ್ರವೇ ಸರ್ವೇಯರ್ ವರದಿಗೆ ಹೊಂದುತ್ತದೆ ಎಂದು ಬರೆದಿದ್ದರು. ಎರಡು ಸಲ ಓದಿದೆ. ಅವರ ಮುಂದೆ ಇದ್ದ ಕಾಗದಗಳಿಂದ ಯಾರೇ ಆದರೂ ಅಲ್ಲಿಗೇ ಹೋಗಿ ಮುಟ್ಟುತ್ತಿದ್ದರು. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. ಯಾರನ್ನಾದರೂ ಬೈಯಬಹುದಾಗಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಭಾನುವಾರ ತಿತಿಮತಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಕಡುಬಿಗೆ ಅಕ್ಕಿ ತರಿ ಹುರಿಯುತ್ತಿದ್ದಳು. ಬೇರೆ ಊರಿನ ಗಿರಣಿಯಿಂದ ಒಡೆಸಿ ತಂದ ತರಿ. ಆದೇಶವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಪತ್ರದ ವಿಷಯ ಬಂದಾಗ ಕಾಗದ ಮಡಿಚಿ ಕೆಳಗಿಟ್ಟೆ. ಕೊನೆಗೆ ಹೇಳಿದೆ.

"ಅಕ್ಕ, ನಾನು ಬರೆದ ಆ ಸಾಲಿನಿಂದಲೇ ಸೋತದ್ದು."

ಅವಳು ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ವಾದ ಆದ್ ದಿನಾನೇ ವಕೀಲ್ರು ಹೇಳಿದ್ರು, ನೀನು ಬಾತ್‌ರೂಮಿಗೆ ಹೋಗಿದ್ದಾಗ. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

"ಯಾಕೆ ಬೈಲಿಲ್ಲ ನೀನು?"

"ಏನಂತ ಬೈಲಿ? ನೀ ಬರ್ದಿದ್ದು ಸುಳ್ಳಾ? ಅವ್ರು ಹೋದ್ಮೇಲೆ ಹಂಗೇ ಇದ್ನಲ್ಲ ನಾನು."

ನಾನು ಅತ್ತೆ. ಅವಳು ಒಲೆ ಆರಿಸಿ, ಕೈ ತೊಳೆದು ಬಂದು ಪಕ್ಕದಲ್ಲಿ ಕೂತಳು. ಸೋತವಳು ಅವಳು. ಅವಳೇ ನನ್ನ ಪಕ್ಕದಲ್ಲಿ ಬಂದು ಕೂರಬೇಕಾಗಿ ಬಂದದ್ದು ನನಗೆ ಇನ್ನಷ್ಟು ನಾಚಿಕೆ ತಂದಿತು.

ಬೆಂಗಳೂರಿನಲ್ಲಿ ಅಪೀಲು ಹಾಕಬಹುದು, ಪತ್ರದ ಪೂರ್ತಿ ಅನುವಾದ ಕೊಡೋಣ ಎಂದು ವಕೀಲರು ಫೋನ್ ಮಾಡಿದ್ದರು. ನಾನೇ ಎಲ್ಲ ಓಡಾಡುತ್ತೇನೆ ಎಂದು ಅಕ್ಕನನ್ನು ಎಷ್ಟೋ ಕೇಳಿಕೊಂಡೆ. ಅವಳು ಒಪ್ಪಲಿಲ್ಲ. "ಅಲ್ಲೂ ಇದೇ ಕಾಗ್ದಗಳೇ ತಾನೆ ಹೋಗೋದು? ನಂಗೆ ಈ ಟಾರ್ಪಾಲು ನೋಡಿ ನೋಡಿ ಸಾಕಾಗಿದೆ. ಮೊದ್ಲು ಇದನ್ನ ಬಿಚ್ಚಬೇಕು," ಅಂದಳು. ಅಪೀಲಿನ ಅವಧಿ ಹಾಗೆಯೇ ಕಳೆದುಹೋಯಿತು.

ಬೇಸಿಗೆಯಲ್ಲಿ ಗುಜರಿಯವನು ಪಿಕಪ್ ತಂದು ಗಿರಣಿಯನ್ನು ಬಿಚ್ಚಿ ಒಯ್ದ. ತಿರುಗದ ಬೋಲ್ಟುಗಳನ್ನು ಕತ್ತರಿಸಬೇಕಾಯಿತು. ಅಕ್ಕನ ಮಗಳೂ ಅಳಿಯನೂ ಬಂದು ನಿಂತು ಮುಂದಿನ ಕೋಣೆಯನ್ನು ಕೆಡವಿಸಿದರು. ಹಿಂದಿನ ಎರಡು ಕೋಣೆಗಳ ಮುಂದೆ ಹೊಸ ಗೋಡೆ ಎಬ್ಬಿಸಿ ಬಾಗಿಲು ಇಡಿಸಿದರು. ಮನೆ ರಸ್ತೆಯಿಂದ ಹಿಂದೆ ಸರಿಯಿತು. ಗಿರಣಿ ಇದ್ದ ಜಾಗದಲ್ಲಿ ಈಗ ಬರೀ ಸಿಮೆಂಟಿನ ನೆಲ. ಅಕ್ಕ ಅಲ್ಲಿ ಬಟ್ಟೆ ಒಣಗಿಸುತ್ತಾಳೆ.

ಕಾಫಿ ಪಿಕ್ಕಿಂಗ್ ಶುರುವಾದಾಗ ಅಕ್ಕ ಹತ್ತಿರದ ಎಸ್ಟೇಟಿಗೆ ಕೆಲಸಕ್ಕೆ ಹೋಗತೊಡಗಿದಳು. ಡಬ್ಬ ತಂದು ಅವಳ ಮುಂದೆ ಸಾಲಾಗಿ ಕೂರುತ್ತಿದ್ದ ಹೆಂಗಸರ ಜೊತೆಗೇ ಈಗ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೀಳುತ್ತಾಳೆ. ಅವರು ಅವಳಿಗೆ ಕೈಗೆಟುಕುವ ಕೊಂಬೆಗಳ ಗಿಡಗಳನ್ನು ಬಿಟ್ಟುಕೊಡುತ್ತಾರಂತೆ. ಕೂಲಿ ಲೆಕ್ಕ ಬರೆಯುವ ರೈಟರ್ ಕೂಡ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಾನಂತೆ. ಇದನ್ನೆಲ್ಲ ಅವಳು ಸಂತೋಷದ ಸುದ್ದಿಯಂತೆ ಫೋನಿನಲ್ಲಿ ಹೇಳುತ್ತಾಳೆ. ನಾನು ಹೂಂಗುಡುತ್ತೇನೆ.

ಹೋದ ಜನವರಿಯಲ್ಲಿ ಎರಡು ದಿನ ಅವಳ ಜೊತೆ ಇದ್ದೆ. ಸಂಜೆ ಕೆಲಸದಿಂದ ಬಂದವಳು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬೆರಳ ತುದಿಗಳು ಕಪ್ಪಾಗಿ ಸೀಳಿದ್ದವು. ಕೊಡು, ನಾನು ಹಚ್ಚುತ್ತೇನೆ ಎಂದೆ. ಅವಳು ಎರಡೂ ಕೈ ಚಾಚಿದಳು. ಹಚ್ಚಿ ಮುಗಿಸುವ ಹೊತ್ತಿಗೆ ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ಬೆಳಿಗ್ಗೆ ಏಳು ಗಂಟೆಗೆ ಎಸ್ಟೇಟಿನ ಜೀಪು ಬರುತ್ತದೆ, ಆರಕ್ಕೆ ಎಬ್ಬಿಸು ಎಂದು ಕಣ್ಣು ಮುಚ್ಚಿಯೇ ಹೇಳಿದಳು. ನಾನು ಫೋನಿನಲ್ಲಿ ಅಲಾರಂ ಇಟ್ಟೆ.